ಹುಣಸೆಯ ಚೇಗು ಬಡಗಿಗೋ, ಬ್ಯಾರನ್ ಒಲೆಗೋ?

ಹುಣಸೂರು: ಹೆಸರಿನಲ್ಲಿಯೇ ಹುಣಸೆಯನ್ನು ಇಟ್ಟುಕೊಂಡಿರುವ ಈ ಊರಿನ ಸುತ್ತಮುತ್ತ ಹುಣಸೆ ಮರಕ್ಕೆ ಇಂದು ಮುಖ್ಯವಾಗಿ ಎರಡು ಬಗೆಯ ಗಿರಾಕಿಗಳಿದ್ದಾರೆ. ಹಣ್ಣಿಗಾಗಿ ಬರುವವರು ಒಂದು ಬಗೆ. ಮರವನ್ನು ಬುಡಸಮೇತ ಕೊಳ್ಳಲು ಬರುವ ಸೌದೆ ವ್ಯಾಪಾರಿಗಳು ಇನ್ನೊಂದು ಬಗೆ. ಹಿಂದೆ ಇದ್ದ ಮೂರನೆಯ ಗಿರಾಕಿ, ಅಂದರೆ ಬಡಗಿ, ಈಗ ಅಪರೂಪ. ಆದರೆ ಹುಣಸೆ ಮರದ ನಿಜವಾದ ಬೆಲೆಯನ್ನು ಬಲ್ಲವನು ಅವನೇ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಹಾಗೂ ಎಚ್.ಡಿ. ಕೋಟೆ ತಾಲ್ಲೂಕುಗಳು ರಾಜ್ಯದ ವರ್ಜೀನಿಯಾ ತಂಬಾಕಿನ ತವರು. ಇಲ್ಲಿ ಸೊಪ್ಪನ್ನು ಬಿಸಿಲಿನಲ್ಲಿ ಒಣಗಿಸುವುದಿಲ್ಲ. ಬ್ಯಾರನ್ ಎಂದು ಕರೆಯಲಾಗುವ ಎತ್ತರದ ಕಟ್ಟಡದೊಳಗೆ ಬಿಸಿಗಾಳಿಯಿಂದ ಹದಗೊಳಿಸಲಾಗುತ್ತದೆ. ಒಲೆಗೆ ಜೋಡಿಸಿದ ಕಬ್ಬಿಣದ ಕೊಳವೆಗಳು ನೆಲದ ಮೇಲೆ ಸಾಗಿ ಒಳಾಂಗಣವನ್ನು ಕಾಯಿಸುತ್ತವೆ. ಸೊಪ್ಪು ಹಳದಿ ತಿರುಗುವವರೆಗೆ 35ರಿಂದ 38 ಡಿಗ್ರಿ ಸೆಲ್ಸಿಯಸ್, ಕೊನೆಗೆ ನಡುನರ ಒಣಗುವ ಹೊತ್ತಿಗೆ ಸುಮಾರು 70 ಡಿಗ್ರಿ ಶಾಖ ಬೇಕು. ಐದರಿಂದ ಏಳು ದಿನ ಹಗಲಿರುಳು ಬೆಂಕಿ ಆರುವಂತಿಲ್ಲ, ಹೆಚ್ಚಾಗುವಂತೆಯೂ ಇಲ್ಲ. ಒಂದು ಕಿಲೋ ಹದಗೊಂಡ ಸೊಪ್ಪಿಗೆ ಸಾಮಾನ್ಯವಾಗಿ ನಾಲ್ಕರಿಂದ ಐದು ಕಿಲೋ ಸೌದೆ ಬೇಕಾಗುತ್ತದೆ ಎಂಬುದು ಎಲ್ಲರೂ ಒಪ್ಪುವ ಲೆಕ್ಕ. ಒಂದೂವರೆ ಟನ್ ಸೊಪ್ಪು ಬೇಯಿಸುವ ಬ್ಯಾರನ್ ಒಂದು ಹಂಗಾಮಿನಲ್ಲಿ ಆರು-ಏಳು ಟನ್ ಸೌದೆಯನ್ನು ನುಂಗುತ್ತದೆ ಎಂದಾಯಿತು. ಹೊಲದ ಬದುವಿನ ಹಳೆಯ ಹುಣಸೆ, ಮಾವಿನ ಮರಗಳ ಮೇಲೆ ಕಣ್ಣು ಬೀಳುವುದು ಈ ಕಾರಣದಿಂದಲೇ.

ಹಾಗಾದರೆ ಒಲೆಗೆ ಹೋಗುತ್ತಿರುವುದು ಎಂಥ ಮರ ಎಂಬುದನ್ನು ಅರಿಯುವುದು ಒಳ್ಳೆಯದು.

ಒಳಗೆ ಕಪ್ಪು, ಹೊರಗೆ ಬಿಳಿ

ಹುಣಸೆಯ ಮೂಲ ಆಫ್ರಿಕಾ ಖಂಡ. ಆದರೆ ಅದು ಇಲ್ಲಿಗೆ ಬಂದು ಎಷ್ಟು ಕಾಲವಾಗಿದೆಯೆಂದರೆ, ಅರಬ್ಬರು ಅದರ ಹಣ್ಣನ್ನು 'ತಮರ್ ಹಿಂದಿ', ಅಂದರೆ ಹಿಂದೂಸ್ಥಾನದ ಖರ್ಜೂರ, ಎಂದು ಕರೆದರು. ಸಸ್ಯಶಾಸ್ತ್ರದ 'ಟ್ಯಾಮರಿಂಡಸ್ ಇಂಡಿಕಾ' ಎಂಬ ಹೆಸರು ಹುಟ್ಟಿದ್ದೂ ಅದರಿಂದಲೇ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪನ್ನು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಅಲ್ಲಿಯ ಮರಗಳ ಬೊಡ್ಡೆಗಳನ್ನು ಕಂಡವರಿಗೆ ಈ ಮರದ ಆಯುಷ್ಯದ ಅಂದಾಜು ಸಿಗುತ್ತದೆ.

ಹುಣಸೆಯ ಬೊಡ್ಡೆಯನ್ನು ಅಡ್ಡಲಾಗಿ ಕೊಯ್ದರೆ ಎರಡು ಭಾಗಗಳು ಸ್ಪಷ್ಟವಾಗಿ ಕಾಣುತ್ತವೆ. ಹೊರಗಿನದು ಅಗಲವಾದ, ಹಳದಿ ಮಿಶ್ರಿತ ಬಿಳುಪಿನ ಎಳೆಮರ. ನಡುವೆ ಕಡುಗಂದು, ಕೆಲವೊಮ್ಮೆ ನೇರಳೆ ಛಾಯೆಯ ಚೇಗು. ತೇಗದಲ್ಲಿ ಚೇಗು ದುಂಡಗೆ, ಅಚ್ಚುಕಟ್ಟಾಗಿ ಬೆಳೆಯುತ್ತದೆ. ಹುಣಸೆಯಲ್ಲಿ ಹಾಗಲ್ಲ. ಅದು ಅಂಕುಡೊಂಕಾಗಿ, ಸಣ್ಣದಾಗಿ, ಬಹುಮಟ್ಟಿಗೆ ಹಳೆಯ ಮರಗಳಲ್ಲಿ ಮಾತ್ರ ಸಿಗುತ್ತದೆ. ಮರ ಮುಪ್ಪಾದರೂ ಹುಳಿ ಮುಪ್ಪಲ್ಲ ಎಂಬ ಗಾದೆ ಹಣ್ಣಿಗೆ ಸರಿ. ಬಡಗಿಯ ದೃಷ್ಟಿಯಲ್ಲಾದರೋ ಮರ ಮುಪ್ಪಾಗಲೇಬೇಕು.

ತೂಕದಲ್ಲಿ ಇದು ತೇಗವನ್ನು ಹಿಂದಿಕ್ಕುತ್ತದೆ. ಒಣಗಿದ ತೇಗ ಘನ ಮೀಟರಿಗೆ ಸುಮಾರು 650 ಕಿಲೋ ತೂಗಿದರೆ, ಹುಣಸೆ 900 ಕಿಲೋ ಆಸುಪಾಸಿನಲ್ಲಿರುತ್ತದೆ. ಹಳೆಯ ಚೇಗಿನ ತುಂಡು ನೀರಿನಲ್ಲಿ ಮುಳುಗುವುದೂ ಉಂಟು. ಇದರ ಎಳೆಗಳು ನೇರವಾಗಿ ಸಾಗದೆ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಆದುದರಿಂದ ಪೆಟ್ಟು ಬಿದ್ದರೆ ಸುಲಭವಾಗಿ ಸೀಳುವುದಿಲ್ಲ. ಇದೇ ಗುಣ ಬಡಗಿಗೆ ತಲೆನೋವೂ ಹೌದು. ಗರಗಸದ ಹಲ್ಲು ಬೇಗ ಮೊಂಡಾಗುತ್ತದೆ, ಕೀಸುಳಿ ಹಾಕಿದರೆ ಎಳೆ ಕಿತ್ತು ಬರುತ್ತದೆ. ಚೆನ್ನಾಗಿ ಉಜ್ಜಿದ ಮೇಲೆ ಬರುವ ಹೊಳಪಿಗೆ ಮಾತ್ರ ಎಣೆಯಿಲ್ಲ.

ದೋಷಗಳೂ ಇವೆ. ಚೇಗು ಹುಳಕ್ಕೆ ಸುಲಭವಾಗಿ ಬಗ್ಗದು, ಆದರೆ ಎಳೆಮರಕ್ಕೆ ಕೊರೆಯುವ ಹುಳು ಬೇಗ ಹತ್ತಿ, ಕೆಲವೇ ತಿಂಗಳಲ್ಲಿ ಹಿಟ್ಟು ಉದುರಲಾರಂಭಿಸುತ್ತದೆ. ದಿಮ್ಮಿಯನ್ನು ಬಿಸಿಲಿಗೆ ಬಿಟ್ಟರೆ ತುದಿಗಳು ಬಿರಿಯುತ್ತವೆ. ಉದ್ದನೆಯ ನೇರ ಬೊಡ್ಡೆ ದೊರೆಯುವುದೂ ಕಷ್ಟ. ಬಾಗಿಲು, ಕಿಟಕಿ, ತೊಲೆಗಳಿಗೆ ತೇಗ, ಹೊನ್ನೆ, ಮತ್ತಿಗಳನ್ನು ಆರಿಸಿಕೊಂಡ ನಮ್ಮ ಹಿರಿಯರು ಹುಣಸೆಯನ್ನು ಮನೆ ಕಟ್ಟಲು ಬಳಸದೆ ಬಿಟ್ಟದ್ದು ಮೂಢನಂಬಿಕೆಯಿಂದ ಮಾತ್ರವಲ್ಲ. ಹುಣಸೆ ಮರದಲ್ಲಿ ದೆವ್ವವಿದೆಯೋ ಇಲ್ಲವೋ, ಎಳೆಮರದಲ್ಲಿ ಹುಳುವಂತೂ ಇರುತ್ತದೆ.

ಪೆಟ್ಟು ತಿನ್ನುವ ಕೆಲಸ

ಹುಣಸೆ ಬಳಕೆಯಾದದ್ದು ಪೆಟ್ಟು ಮತ್ತು ಒತ್ತಡ ಬೀಳುವ ಕಡೆಗಳಲ್ಲಿ. ಬಡಗಿಯ ಉಳಿಯ ಮೇಲೆ ಬೀಳುವ ಕೊಡತಿ, ಭತ್ತ ಕುಟ್ಟುವ ಒನಕೆ, ಕೊಡಲಿ-ಗುದ್ದಲಿಗಳ ಹಿಡಿ, ಗಾಣದ ಒರಳು ಮತ್ತು ಅದರೊಳಗೆ ತಿರುಗುವ ದಂಡ, ಎತ್ತಿನ ಗಾಡಿಯ ಚಕ್ರದ ನಡುವಿನ ಗುಂಬ ಇವೆಲ್ಲ ಅದರ ಕ್ಷೇತ್ರ. ಗುಂಬಕ್ಕೆ ಸುತ್ತಲೂ ತೂತು ಕೊರೆದು ಅರೆಕಾಲುಗಳನ್ನು ಬಡಿದು ಕೂರಿಸಬೇಕು. ಸಾಮಾನ್ಯ ಮರ ಅಲ್ಲಿಯೇ ಸೀಳಿಬಿಡುತ್ತದೆ. ಹೆಣೆದ ಎಳೆಯ ಮರ ತಡೆದುಕೊಳ್ಳುತ್ತದೆ.

ಗಾಡಿಯ ಮಾತು ಬಂದಾಗ ಹುಣಸೂರನ್ನು ಮರೆಯುವಂತಿಲ್ಲ. ಅಮೃತಮಹಲ್ ರಾಸುಗಳ ಕೇಂದ್ರವಾಗಿದ್ದ ಈ ಊರಿನಲ್ಲಿ 19ನೇ ಶತಮಾನದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಸಾಮಗ್ರಿ ಒದಗಿಸುವ ಉಗ್ರಾಣ, ಚರ್ಮ ಹದ ಮಾಡುವ ಕೇಂದ್ರ, ಮರಮುಟ್ಟಿನ ಅಂಗಳಗಳಿದ್ದವು. ಅವು ಮುಚ್ಚಿದ ನಂತರವೂ ಗಾಡಿ ಕಟ್ಟುವ ಕಸುಬು ಇಲ್ಲಿ ಉಳಿಯಿತು. ಕೊಡಗಿನ ದಾರಿ ಈ ಊರ ಮೇಲೆಯೇ ಹಾದುಹೋಗುವುದರಿಂದ ಗಾಡಿಗಳಿಗೆ ಕೆಲಸಕ್ಕೆ ಕೊರತೆಯಿರಲಿಲ್ಲ. ರಬ್ಬರ್ ಟೈರ್ ಬಂದಿತು, ಟ್ರ್ಯಾಕ್ಟರ್ ಬಂದಿತು, ಗುಂಬ ಕಡೆಯುವವರ ಕೆಲಸ ತಪ್ಪಿತು. ಅಕ್ಕಿ ಗಿರಣಿ ಒನಕೆಯನ್ನು ಮೂಲೆಗೆ ಸೇರಿಸಿತು.

ನಗರದ ಓದುಗರು ಇಂದಿಗೂ ಹುಣಸೆ ಮರವನ್ನು ನಿತ್ಯ ಕಾಣುವ ಸ್ಥಳವೊಂದಿದೆ: ಮಾಂಸದ ಅಂಗಡಿ. ಕತ್ತಿಯ ಕೆಳಗಿನ ದುಂಡು ಕೊರಡು ಅನೇಕ ಕಡೆ ಹುಣಸೆಯದೇ. ಬೊಡ್ಡೆಯನ್ನು ಅಡ್ಡ ಕೊಯ್ದು ನಿಲ್ಲಿಸುವುದರಿಂದ ಕತ್ತಿಯ ಅಲಗು ಎಳೆಗಳನ್ನು ತುಂಡರಿಸದೆ ಅವುಗಳ ನಡುವೆ ಇಳಿಯುತ್ತದೆ. ಚಕ್ಕೆ ಏಳುವುದು ಕಡಿಮೆ, ಅಲಗು ಮೊಂಡಾಗುವುದೂ ಕಡಿಮೆ. ದಿನವೂ ನೂರಾರು ಪೆಟ್ಟು ತಿಂದು ವರ್ಷಗಟ್ಟಲೆ ಬಾಳುವ ಈ ಕೊರಡಿಗೆ ಬದಲಿ ಹುಡುಕುವುದು ಸುಲಭವಲ್ಲ. ಇತ್ತೀಚೆಗೆ ಮೈಸೂರು, ಬೆಂಗಳೂರುಗಳಲ್ಲಿ ಮರದ ಗಾಣದ ಎಣ್ಣೆಗೆ ಬೇಡಿಕೆ ಕುದುರಿದೆ. ಇಂಥ ಗಾಣಗಳಿಗೆ ಬಾಗೆ ಮರದೊಂದಿಗೆ ಹುಣಸೆಯೂ ಬಳಕೆಯಾಗುತ್ತದೆ.

ಒಲೆಗೆ ಮರದ ಜಾತಿ ತಿಳಿಯದು

ಹುಣಸೆ ಗಟ್ಟಿ ಮರ, ಹೆಚ್ಚು ಕಾವು ಕೊಡುತ್ತದೆ ಎಂಬುದು ಸೌದೆ ಕೊಳ್ಳುವವರ ಸಾಮಾನ್ಯ ಸಮರ್ಥನೆ. ಇದರಲ್ಲಿ ಅರ್ಧ ಸತ್ಯ ಮಾತ್ರ ಇದೆ. ಗಟ್ಟಿ ಮರದ ಕೆಂಡ ಹೆಚ್ಚು ಹೊತ್ತು ನಿಲ್ಲುತ್ತದೆ, ಪದೇ ಪದೇ ಒಲೆಗೆ ಸೌದೆ ಒಡ್ಡಬೇಕಿಲ್ಲ. ರಾತ್ರಿ ಬ್ಯಾರನ್ ಕಾಯುವವನಿಗೆ ಇದು ದೊಡ್ಡ ಅನುಕೂಲ. ಆದರೆ ಚೆನ್ನಾಗಿ ಒಣಗಿದ ಯಾವುದೇ ಮರವಾಗಲಿ, ಒಂದು ಕಿಲೋ ಉರಿದಾಗ ಬರುವ ಶಾಖ ಹೆಚ್ಚುಕಡಿಮೆ ಒಂದೇ, ಸುಮಾರು 4,500 ಕಿಲೋ ಕ್ಯಾಲರಿ. ಗಟ್ಟಿ ಮರದಲ್ಲಿ ಅಷ್ಟೇ ಜಾಗದಲ್ಲಿ ಹೆಚ್ಚು ಕಿಲೋಗಳಿರುತ್ತವೆ, ಅಷ್ಟೆ. ಸೌದೆ ಮಾರಾಟವಾಗುವುದು ಟನ್ ಲೆಕ್ಕದಲ್ಲಿ. ಅಂದ ಮೇಲೆ ಒಂದು ಟನ್ ಒಣ ಸರ್ವೆಗೂ ಒಂದು ಟನ್ ಒಣ ಹುಣಸೆಗೂ ಬ್ಯಾರನ್‌ನ ಪಾಲಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ನಿಜವಾದ ವ್ಯತ್ಯಾಸ ಹಸಿ-ಒಣಗಳದ್ದು. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅದನ್ನು ಆವಿ ಮಾಡಲು ಶಾಖ ವ್ಯರ್ಥವಾಗುತ್ತದೆ. ಮಳೆಗಾಲದಲ್ಲಿ ಕಡಿದು ಮಳೆಗಾಲದಲ್ಲಿಯೇ ಉರಿಸುವವರು ನೀರಿಗೂ ಹಣ ತೆರುತ್ತಾರೆ.

ಸರ್ವೆ, ಸಿಲ್ವರ್ ಓಕ್‌ಗಳು ಕೆಲವೇ ವರ್ಷಗಳಲ್ಲಿ ಸೌದೆಗೆ ಬರುತ್ತವೆ. ಬೀಜದಿಂದ ಬೆಳೆದ ಹುಣಸೆ ಹಣ್ಣು ಬಿಡಲಿಕ್ಕೇ ಹತ್ತು-ಹನ್ನೆರಡು ವರ್ಷ ಬೇಕು. ಚೇಗು ಕಟ್ಟಲು ಒಂದು ತಲೆಮಾರು ಬೇಕು. ಬ್ಯಾರನ್‌ನ ಮಾಡಿನ ಕೆಳಗೆ ಶಾಖ ಸೋರದಂತೆ ಹೊದಿಕೆ ಹಾಕಿದರೆ, ಕೊಳವೆಗಳ ಬಿರುಕು ಮುಚ್ಚಿದರೆ, ಕಾಫಿ ಹೊಟ್ಟು, ತೆಂಗಿನ ಮಟ್ಟೆಗಳನ್ನು ಬೆರೆಸಿ ಉರಿಸಿದರೆ ಸೌದೆಯ ಖರ್ಚು ಇಳಿಯುತ್ತದೆ. ಇದನ್ನು ರೈತರು ಅರಿಯದವರೇನಲ್ಲ. ಆದರೆ ಹಂಗಾಮು ಆರಂಭವಾದ ಮೇಲೆ ಒಂದು ದಿನ ಬೆಂಕಿ ತಪ್ಪಿದರೂ ಬ್ಯಾರನ್ ತುಂಬ ಇರುವ ಸೊಪ್ಪು ಕೆಟ್ಟು ಹರಾಜಿನಲ್ಲಿ ದರ ಕುಸಿಯುತ್ತದೆ. ಆ ಭಯದಲ್ಲಿ ಕೈಗೆ ಸಿಕ್ಕ ಮರ ಒಲೆ ಸೇರುತ್ತದೆ. ಇದನ್ನು ರೈತನ ಅವಿವೇಕವೆಂದು ನಗರದಲ್ಲಿ ಕುಳಿತು ಹೇಳುವುದು ಸುಲಭ.

ಬಿರುಗಾಳಿಗೆ ಉರುಳಿದ ಅಥವಾ ಅನಿವಾರ್ಯವಾಗಿ ಕಡಿಯಬೇಕಾದ ಹಳೆಯ ಹುಣಸೆಯಿದ್ದರೆ, ಇಡಿಯಾಗಿ ಸೌದೆಯ ಲೆಕ್ಕದಲ್ಲಿ ಕೊಡುವ ಮೊದಲು ಬೊಡ್ಡೆಯನ್ನು ಬೇರ್ಪಡಿಸಿ ಕೊರಡು ಮಾಡುವವರಿಗೆ, ಗಾಣದವರಿಗೆ ತೋರಿಸುವುದು ಲಾಭಕರ. ಕೊಂಬೆಗಳು ಹೇಗೂ ಬ್ಯಾರನ್‌ಗೆ ಸಲ್ಲುತ್ತವೆ. ದಿಮ್ಮಿಯನ್ನು ಹಸಿಯಿರುವಾಗಲೇ ಕೊಯ್ಸಿ, ತುದಿಗಳಿಗೆ ಮೇಣ ಅಥವಾ ಬಣ್ಣ ಬಳಿದು, ನೆರಳಿನಲ್ಲಿ ನಡುನಡುವೆ ರೀಪು ಇಟ್ಟು ಪೇರಿಸಿದರೆ ಬಿರುಕು ಕಡಿಮೆ. ಇನ್ನು, ಸ್ವಂತ ಜಮೀನಿನ ಮರವಾದರೂ ಕಡಿಯುವ ಮುನ್ನ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯನ್ನು ಗಮನಿಸಬೇಕು. ಸರ್ವೆ, ನೀಲಗಿರಿ, ಸಿಲ್ವರ್ ಓಕ್‌ಗಳಂತಹ ಕೆಲವು ಜಾತಿಗಳಿಗೆ ಅದರಲ್ಲಿ ವಿನಾಯಿತಿ ಇದೆ. ವಿನಾಯಿತಿಯ ಪಟ್ಟಿ ತಿದ್ದುಪಡಿಗಳಿಂದ ಬದಲಾಗಿರುವುದರಿಂದ, ಹುಣಸೆಯ ವಿಷಯವನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಯೇ ಗರಗಸ ಹಚ್ಚುವುದು ಕ್ಷೇಮ.