ತಲೆಗೂದಲು ನರೆಯುವುದೇಕೆ?

ಬೌದ್ಧ ಜಾತಕ ಕಥೆಗಳಲ್ಲಿ ಮಖಾದೇವನೆಂಬ ಅರಸನ ವೃತ್ತಾಂತವೊಂದುಂಟು. ವಿದೇಹ ದೇಶದ ಮಿಥಿಲೆಯನ್ನು ಆಳುತ್ತಿದ್ದ ಆ ಅರಸನು, ತನ್ನ ತಲೆಯಲ್ಲಿ ನರೆಗೂದಲು ಕಂಡ ದಿನವೇ ತನಗೆ ತಿಳಿಸಬೇಕೆಂದು ಕ್ಷೌರಿಕನಿಗೆ ಆಜ್ಞಾಪಿಸಿದ್ದನು. ಬಹುಕಾಲದ ಮೇಲೆ ಅಂಥ ಕೂದಲೊಂದು ಕಾಣಿಸಿತು. ಕ್ಷೌರಿಕನು ಅದನ್ನು ಚಿನ್ನದ ಚಿಮಟದಿಂದ ಕಿತ್ತು ಅರಸನ ಅಂಗೈಯಲ್ಲಿ ಇರಿಸಿದನು. ಅರಸನು ಅವನಿಗೆ ಒಂದು ಗ್ರಾಮವನ್ನು ಬಹುಮಾನವಾಗಿ ಕೊಟ್ಟು, ಹಿರಿಯ ಮಗನಿಗೆ ರಾಜ್ಯವನ್ನೊಪ್ಪಿಸಿ, ತಪಸ್ಸಿಗೆ ಹೊರಟುಹೋದನು. ಆಗ ಅವನ ಆಯುಷ್ಯದಲ್ಲಿ ಇನ್ನೂ 84,000 ವರ್ಷಗಳು ಉಳಿದಿದ್ದವೆಂದು ಕಥೆ ಹೇಳುತ್ತದೆ! ಕಾಳಿದಾಸನ ರಘುವಂಶದಲ್ಲಿಯೂ ರಾಮನಿಗೆ ಪಟ್ಟ ಕಟ್ಟೆಂದು ದಶರಥನಿಗೆ ಎಚ್ಚರಿಕೆ ಕೊಡಲು ಬರುವುದು ಕಿವಿಯ ಬಳಿಯ ನರೆಯೇ. ನರೆಯೆಂದರೆ ಮುಪ್ಪಿನ ದೂತನೆಂಬ ಭಾವನೆ ಹೀಗೆ ಬಹು ಹಿಂದಿನಿಂದಲೂ ಬೇರೂರಿದೆ.

ಆದರೆ ಆ ದೂತನು ಹದಿನಾಲ್ಕು ವರ್ಷದ ಬಾಲಕನ ತಲೆಯಲ್ಲಿಯೇ ಕಾಣಿಸಿಕೊಂಡರೆ? ಸಹಪಾಠಿಗಳು ಅವನನ್ನು ‘ಅಜ್ಜ’ ಎಂದು ಕರೆಯತೊಡಗುತ್ತಾರೆ. ಮನೆಯಲ್ಲಿ ತಾಯಿ ಸಾಬೂನನ್ನು ದೂಷಿಸಿದರೆ, ತಂದೆ ಕೊಳವೆಬಾವಿಯ ಗಡಸುನೀರನ್ನು ದೂಷಿಸುತ್ತಾನೆ. ತಲೆಗೆ ಎಣ್ಣೆಯೊತ್ತದುದೇ ಇದಕ್ಕೆಲ್ಲ ಕಾರಣವೆಂದು ಅಜ್ಜಿ ತೀರ್ಪು ಕೊಡುತ್ತಾಳೆ. ಬಾಲಕನು ಯಾರಿಗೂ ಹೇಳದೆ ಕನ್ನಡಿಯ ಮುಂದೆ ನಿಂತು ಒಂದೊಂದೇ ಎಳೆಯನ್ನು ಕೀಳುತ್ತಾನೆ. ಇವರಲ್ಲಿ ಯಾರ ಮಾತು ದಿಟವೆಂಬುದನ್ನು ನಿರ್ಣಯಿಸಬೇಕಾದರೆ, ಕೂದಲಿಗೆ ಬಣ್ಣ ಎಲ್ಲಿಂದ ಬರುತ್ತದೆಂಬುದನ್ನು ಮೊದಲು ಅರಿಯಬೇಕು.

ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿವೆ. ಪ್ರತಿಯೊಂದು ಕೂದಲೂ ಚರ್ಮದೊಳಗಿನ ರೋಮಕೂಪವೆಂಬ ಪುಟ್ಟ ಗುಳಿಯಿಂದ ಹುಟ್ಟಿ ಬರುತ್ತದೆ. ಕಣ್ಣಿಗೆ ಕಾಣುವ ಕೂದಲು ನಿರ್ಜೀವ ವಸ್ತು; ಆದುದರಿಂದಲೇ ಅದನ್ನು ಕತ್ತರಿಸಿದರೆ ನೋವಾಗುವುದಿಲ್ಲ. ಜೀವವಿರುವುದು ರೋಮಕೂಪದ ತಳದಲ್ಲಿ. ಅಲ್ಲಿ ಒಂದು ಬಗೆಯ ಕೋಶಗಳು ಕೆರಾಟಿನ್ ಎಂಬ ಪ್ರೋಟೀನಿನಿಂದ ಕೂದಲಿನ ಎಳೆಯನ್ನು ಹೊಸೆಯುತ್ತವೆ; ಅವುಗಳ ನೆರೆಯಲ್ಲಿರುವ ವರ್ಣಕೋಶಗಳು ಮೆಲನಿನ್ ಎಂಬ ಬಣ್ಣದ ಕಣಗಳನ್ನು ತಯಾರಿಸಿ ಆ ಎಳೆಗೆ ತುಂಬುತ್ತವೆ. ನೇಕಾರನು ಬಟ್ಟೆಯನ್ನು ನೇಯ್ದ ಮೇಲೆ ಬಣ್ಣದಲ್ಲಿ ಅದ್ದುವ ಕ್ರಮ ಇದಲ್ಲ. ನೂಲಿರುವಾಗಲೇ ಬಣ್ಣ ಸೇರಿಹೋಗಿರುತ್ತದೆ. ಮೆಲನಿನ್ನಿನ ಒಂದು ಬಗೆ ಕಪ್ಪು ಅಥವಾ ಕಂದು, ಇನ್ನೊಂದು ಬಗೆ ಕೆಂಪು ಇಲ್ಲವೆ ಹಳದಿ. ಇವೆರಡರ ಪ್ರಮಾಣ ವ್ಯತ್ಯಾಸವಾದಂತೆ ಲೋಕದ ಜನರ ಕೂದಲಿನ ಬಣ್ಣವೂ ವ್ಯತ್ಯಾಸವಾಗುತ್ತದೆ.

ಬಣ್ಣ ತುಂಬುವ ಕೆಲಸ ನಿಂತಾಗ ಹುಟ್ಟುವ ಎಳೆಯೇ ಬಿಳಿಗೂದಲು. ಅದರಲ್ಲಿ ಬಿಳಿಯ ಬಣ್ಣವೆಂಬ ಯಾವ ಪದಾರ್ಥವೂ ಇಲ್ಲ. ಉಪ್ಪಿನ ಹರಳುಗಳಾಗಲಿ ಹಾಲಿನ ಮೇಲಿನ ನೊರೆಯಾಗಲಿ ಬೆಳಕನ್ನು ಎಲ್ಲ ಕಡೆಗೂ ಚೆದುರಿಸುವುದರಿಂದ ಹೇಗೆ ಬೆಳ್ಳಗೆ ತೋರುತ್ತವೆಯೋ ಬಣ್ಣವಿಲ್ಲದ ಕೂದಲೂ ಹಾಗೆಯೇ ತೋರುತ್ತದೆ. ಬೂದುಬಣ್ಣದ ತಲೆ ಎನ್ನುವುದು ಬಹುಮಟ್ಟಿಗೆ ಕಣ್ಣಿನ ಭ್ರಮೆ. ಕರಿಯ ಎಳೆಗಳ ನಡುವೆ ಬಿಳಿಯ ಎಳೆಗಳು ಬೆರೆತಾಗ ದೂರದಿಂದ ಬೂದಿಯಂತೆ ಕಾಣುತ್ತದೆ.

ಇನ್ನು ಬಣ್ಣದ ಕೆಲಸ ನಿಲ್ಲುವುದೇಕೆ? ತಲೆಯ ಕೂದಲೊಂದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಎರಡರಿಂದ ಆರು ವರ್ಷ ಬೆಳೆಯುತ್ತದೆ. ಬಳಿಕ ಬೆಳವಣಿಗೆ ನಿಂತು, ಕೆಲವು ತಿಂಗಳು ವಿಶ್ರಾಂತಿಯಲ್ಲಿದ್ದು, ಉದುರಿಹೋಗುತ್ತದೆ. ಅದೇ ಗುಳಿಯಲ್ಲಿ ಹೊಸ ಕೂದಲು ಹುಟ್ಟುತ್ತದೆ. ಪ್ರತಿ ಸುತ್ತಿನ ಕೊನೆಗೂ ಹಳೆಯ ವರ್ಣಕೋಶಗಳು ಸಾಯುವುದರಿಂದ ಹೊಸ ಕೂದಲಿಗೆ ಹೊಸ ವರ್ಣಕೋಶಗಳು ಬೇಕು. ಅವನ್ನು ಒದಗಿಸುವ ಆಕರಕೋಶಗಳು ರೋಮಕೂಪದ ಮೇಲ್ಭಾಗದಲ್ಲಿ ಸಂಗ್ರಹವಾಗಿರುತ್ತವೆ. ರೈತನು ಬಿತ್ತನೆಗೆಂದು ಬೀಜದ ಭತ್ತವನ್ನು ಬೇರೆಯಾಗಿ ಎತ್ತಿಡುವಂತೆ ಇದು. ಬೀಜ ಉಳಿದಿರುವವರೆಗೆ ಪೈರು. ಬೀಜ ತೀರಿದರೆ ಗದ್ದೆಯಿದ್ದೂ ಬೆಳೆಯಿಲ್ಲ. ವಯಸ್ಸಾದಂತೆ ಈ ಆಕರಕೋಶಗಳ ಸಂಗ್ರಹ ಬರಿದಾಗುತ್ತ ಬರುವುದೇ ನರೆಗೆ ಮೂಲವೆಂದು ಜಪಾನಿನ ವಿಜ್ಞಾನಿ ಎಮಿ ನಿಶಿಮುರಾ ಮತ್ತು ಅವರ ಸಹೋದ್ಯೋಗಿಗಳು 2005ರಲ್ಲಿ ತೋರಿಸಿಕೊಟ್ಟರು. ಒಂದೊಂದು ರೋಮಕೂಪದ ಕಣಜವೂ ಬೇರೆ ಬೇರೆ. ಆದುದರಿಂದಲೇ ಒಂದು ಬಿಳಿಗೂದಲಿನ ಪಕ್ಕದಲ್ಲಿ ಕಾಡಿಗೆಯಂಥ ಕರಿಗೂದಲು ವರ್ಷಗಟ್ಟಲೆ ಬೆಳೆಯುತ್ತಿರಬಹುದು.

ಈ ಕ್ರಮವನ್ನು ಅರಿತವರಿಗೆ ಒಂದು ಹಳೆಯ ನಂಬಿಕೆ ಅಲುಗಾಡುತ್ತದೆ. ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ, 1791ರಲ್ಲಿ, ರಾಣಿ ಮಾರಿ ಆಂತ್ವಾನೆತ್ ಪಲಾಯನ ಮಾಡಲು ಹೋಗಿ ಸಿಕ್ಕಿಬಿದ್ದಾಗ ಅವಳ ಕೂದಲು ಒಂದೇ ರಾತ್ರಿಯಲ್ಲಿ ಬೆಳ್ಳಗಾಯಿತೆಂದು ಹೇಳುತ್ತಾರೆ. ಆದರೆ ಆಗಲೇ ಬೆಳೆದು ಹೊರಬಂದ ಕೂದಲು ನಿರ್ಜೀವವಾದುದು. ಎಂಥ ದುಃಖವಾದರೂ ಅದರೊಳಗಿನ ಬಣ್ಣವನ್ನು ರಾತ್ರಿ ಬೆಳಗಾಗುವುದರೊಳಗೆ ಹೀರಲಾರದು. ಒಂದು ಬಗೆಯ ಕೇಶರೋಗದಲ್ಲಿ ಕರಿಗೂದಲುಗಳು ಮಾತ್ರ ಬೇಗನೆ ಉದುರಿ ಬಿಳಿಯವು ಉಳಿಯುವುದುಂಟು. ಸೆರೆಯಲ್ಲಿದ್ದವರಿಗೆ ಬಣ್ಣದ ಲೇಪ ದೊರೆಯದೆ ಇದ್ದ ನರೆ ಬಯಲಾಗುವುದೂ ಉಂಟು. ಇಂಥ ಕಥೆಗಳಿಗೆ ಇವುಗಳಲ್ಲಿ ಒಂದು ಕಾರಣವಾಗಿರಬಹುದು.

ಹಾಗೆಂದು ಮನಸ್ಸಿಗೂ ನರೆಗೂ ಸಂಬಂಧವೇ ಇಲ್ಲವೆಂದಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ತೀವ್ರ ಯಾತನೆಗೆ ಒಳಗಾದ ಇಲಿಗಳಲ್ಲಿ ರೋಮಕೂಪದ ಬಳಿಯ ನರಗಳು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಸುರಿಸಿದವು. ಅದರ ಪ್ರಭಾವದಿಂದ ಆಕರಕೋಶಗಳೆಲ್ಲ ಒಮ್ಮೆಗೇ ವರ್ಣಕೋಶಗಳಾಗಿ ಮಾರ್ಪಟ್ಟು ಸಂಗ್ರಹ ಬರಿದಾಯಿತು. ಬಿತ್ತನೆಯ ಬೀಜವನ್ನೇ ಕುಟ್ಟಿ ಉಂಡಂತಾಯಿತು! ಮರುವರ್ಷ, 2021ರಲ್ಲಿ, ಕೊಲಂಬಿಯ ವಿಶ್ವವಿದ್ಯಾಲಯದವರು 14 ಮಂದಿಯ ಒಂದೊಂದು ಕೂದಲನ್ನೂ ಬುಡದಿಂದ ತುದಿಯವರೆಗೆ ಪರೀಕ್ಷಿಸಿದರು. ಕೂದಲು ಬೆಳೆಯುವ ವೇಗ ಗೊತ್ತಿರುವುದರಿಂದ ಯಾವ ಭಾಗ ಯಾವ ತಿಂಗಳಿನಲ್ಲಿ ಬೆಳೆದುದೆಂದು ಲೆಕ್ಕ ಹಾಕಬಹುದಷ್ಟೆ. ಅವರಲ್ಲೊಬ್ಬರು ರಜೆಯ ಮೇಲೆ ಹೋಗಿದ್ದ ದಿನಗಳಲ್ಲಿ ಅವರ ಐದು ಬಿಳಿಗೂದಲುಗಳು ಬುಡದಿಂದ ಮತ್ತೆ ಕಪ್ಪಾಗಿ ಬೆಳೆದಿದ್ದವು. ಆದರೆ ಇದು ನರೆಯ ಅಂಚಿನಲ್ಲಿರುವ ಕೆಲವೇ ಕೂದಲುಗಳಿಗೆ ಒದಗುವ ಭಾಗ್ಯ. ಪೂರ್ತಿ ನರೆತ ವೃದ್ಧರ ತಲೆ ವಿಶ್ರಾಂತಿಯಿಂದ ಕಪ್ಪಾದೀತೆಂದು ಆಶಿಸುವಂತಿಲ್ಲ.

ನರೆ ಯಾವ ವಯಸ್ಸಿಗೆ ಬರುತ್ತದೆ? ಸಾಮಾನ್ಯವಾಗಿ ಯುರೋಪಿನವರಿಗೆ ಮೂವತ್ತೈದರ ಆಸುಪಾಸಿನಲ್ಲಿ, ಏಷ್ಯದವರಿಗೆ ನಲವತ್ತಕ್ಕೆ ತುಸು ಮುಂಚೆ, ಆಫ್ರಿಕದವರಿಗೆ ನಲವತ್ತೈದರ ಸುಮಾರಿಗೆ ಆರಂಭವಾಗುತ್ತದೆ. ಐವತ್ತನೆಯ ವಯಸ್ಸಿಗೆ ಅರ್ಧದಷ್ಟು ಜನರ ತಲೆ ಅರ್ಧದಷ್ಟು ನರೆತಿರುತ್ತದೆಂಬ ಮಾತೊಂದು ಪಾಶ್ಚಾತ್ಯರಲ್ಲಿ ರೂಢಿಯಲ್ಲಿತ್ತು. ಹಲವು ದೇಶಗಳ 4,000ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಅಂಥವರು ನೂರಕ್ಕೆ 6ರಿಂದ 23 ಮಂದಿ ಮಾತ್ರ. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಅನುವಂಶೀಯತೆ. ತಂದೆತಾಯಿಗಳು ಬೇಗನೆ ನರೆತಿದ್ದರೆ ಮಕ್ಕಳೂ ಬೇಗನೆ ನರೆಯುವುದು ಸಾಮಾನ್ಯ.

ಏಷ್ಯದವರಲ್ಲಿ ಇಪ್ಪತ್ತೈದು ವರ್ಷಕ್ಕೆ ಮೊದಲೇ ಬರುವ ನರೆಯನ್ನು ಅಕಾಲದ್ದೆಂದು ವೈದ್ಯರು ಎಣಿಸುತ್ತಾರೆ. ಕನ್ನಡದಲ್ಲಿ ಅದಕ್ಕೆ ಬಾಲನರೆಯೆಂದು ಹೆಸರು. ಅದಕ್ಕೂ ಬಹುಪಾಲು ವಂಶಗುಣವೇ ಕಾರಣ. ಅದು ಮುಪ್ಪೂ ಅಲ್ಲ, ಅಂಟುವ ರೋಗವೂ ಅಲ್ಲ. ಕೆಲವರಲ್ಲಿ ಮಾತ್ರ ಬಿ12 ಜೀವಸತ್ವದ ಕೊರತೆ ಅಥವಾ ಥೈರಾಯ್ಡ್ ಗ್ರಂಥಿಯ ದೋಷ ಇದರ ಹಿಂದಿರುತ್ತದೆ. ಇದನ್ನು ರಕ್ತಪರೀಕ್ಷೆಯಿಂದ ಕಂಡುಹಿಡಿಯಬಹುದು. ಕೊರತೆ ನೀಗಿದಾಗ ಬಣ್ಣ ಮರಳಿದ ನಿದರ್ಶನಗಳೂ ಇವೆ. ಧೂಮಪಾನಿಗಳಲ್ಲಿ ಅಕಾಲದ ನರೆ ಹೆಚ್ಚೆಂಬುದನ್ನೂ ಗಮನಿಸಲಾಗಿದೆ.

ಹಾಗಾದರೆ ಸಾಬೂನು, ಗಡಸುನೀರು, ಎಣ್ಣೆ? ಸಾಬೂನೂ ನೀರೂ ಕೂದಲನ್ನು ಒರಟಾಗಿಸಬಹುದು, ಎಣ್ಣೆ ಅದಕ್ಕೆ ನುಣುಪನ್ನು ಕೊಡಬಹುದು. ತೀರಿಹೋದ ಆಕರಕೋಶಗಳನ್ನು ಎಣ್ಣೆ ಮರಳಿ ತರಲಾರದು. ಮದರಂಗಿಯ ಸೊಪ್ಪು ಕೆರಾಟಿನ್ನಿಗೆ ಅಂಟಿಕೊಂಡು ಬಿಳಿಗೂದಲನ್ನು ಕೆಂಪಾಗಿಸುತ್ತದೆ, ಅಷ್ಟೆ. ಅಂಗಡಿಯ ಕರಿಬಣ್ಣಗಳಲ್ಲಿ ಅನೇಕವು ಪ್ಯಾರಾಫಿನೈಲೀನ್ ಡೈಅಮೀನ್ ಎಂಬ ರಾಸಾಯನಿಕವನ್ನು ಹೊಂದಿರುತ್ತವೆ. ಇದು ಕೆಲವರ ಚರ್ಮಕ್ಕೆ ಒಗ್ಗದೆ ತುರಿಕೆ, ಊತಗಳನ್ನು ಉಂಟುಮಾಡುತ್ತದೆ. ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಅಪಾಯ.

ಒಂದು ಬಿಳಿಗೂದಲನ್ನು ಕಿತ್ತರೆ ಅದರ ಸುತ್ತ ಹತ್ತು ಹುಟ್ಟುತ್ತವೆಂಬ ಮಾತೂ ಸುಳ್ಳು. ಒಂದು ಗುಳಿಯಲ್ಲಿ ನಡೆದುದನ್ನು ನೆರೆಯ ಗುಳಿ ಅರಿಯದು. ಕಿತ್ತ ಗುಳಿಯಿಂದಲೇ ಕೆಲವು ತಿಂಗಳಲ್ಲಿ ಇನ್ನೊಂದು ಎಳೆ ಮೇಲೆ ಬರುತ್ತದೆ. ಪದೇ ಪದೇ ಕೀಳುತ್ತಿದ್ದರೆ ಗುಳಿಗೇ ಗಾಯವಾಗಿ ಕೂದಲು ಬಾರದೆ ಹೋಗಬಹುದು. ಮಖಾದೇವನ ಕ್ಷೌರಿಕನು ಚಿನ್ನದ ಚಿಮಟದಿಂದ ಕಿತ್ತ ಜಾಗದಲ್ಲಿ ಮುಂದೆ ಮೊಳೆತ ಕೂದಲೂ ಬಿಳಿಯದೇ ಆಗಿದ್ದಿರಬೇಕು.