ಆಟಿಸಂ: ತಟ್ಟೆಯಿಂದ ತೆಗೆಯುವ ಮುನ್ನ

ಆಟಿಸಂ ಇರುವ ಮಗುವಿನ ಮನೆಯಲ್ಲಿ ಸಲಹೆಗಳಿಗೆ ಬರವಿಲ್ಲ. ಹಾಲು ಬಿಡಿಸಿ, ಗೋಧಿ ನಿಲ್ಲಿಸಿ, ಮಗು ತಾನಾಗಿ ಮಾತನಾಡತೊಡಗುತ್ತದೆ ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಇಂಥ ಮಗುವಿನ ತಂದೆಯಾದ ನಾನು ಈ ಮಾತನ್ನು ಬಂಧುಗಳಿಂದಲೂ ಅಪರಿಚಿತರಿಂದಲೂ ಕೇಳಿದ್ದೇನೆ.

ಗೋಧಿಯ ಗ್ಲುಟೆನ್, ಹಾಲಿನ ಕೇಸಿನ್ ಪೂರ್ತಿ ಜೀರ್ಣವಾಗದೆ, ಅಫೀಮಿನ ಗುಣವುಳ್ಳ ತುಣುಕುಗಳಾಗಿ ಮಿದುಳನ್ನು ಬಾಧಿಸುತ್ತವೆ ಎಂಬ ಊಹೆಯೇ ಈ ಸಲಹೆಯ ಬೇರು. 2002ರಲ್ಲಿ ನಾರ್ವೆಯ 20 ಮಕ್ಕಳ ಅಧ್ಯಯನವೊಂದು ಸುಧಾರಣೆ ಕಂಡಿತು. ಆದರೆ ಯಾವ ಮಗುವಿಗೆ ಯಾವ ಆಹಾರವೆಂಬುದು ಹೆತ್ತವರಿಗೆ ತಿಳಿದಿತ್ತು. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ತಂಡ ಅದನ್ನು ಯಾರಿಗೂ ತಿಳಿಸದೆ 14 ಮಕ್ಕಳನ್ನು ಪರೀಕ್ಷಿಸಿತು. 2016ರಲ್ಲಿ ಪ್ರಕಟವಾದ ಅದರ ವರದಿಯಂತೆ ವರ್ತನೆಯಲ್ಲಾಗಲಿ ನಿದ್ರೆಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಆಟಿಸಂನ ಮೂಲ ಲಕ್ಷಣಗಳಿಗೆ ಇಂಥ ಪಥ್ಯ ಬೇಡವೆಂದು ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲೇ ಹೇಳಿತ್ತು.

ಹಾಗೆಂದು ಆಹಾರ ಗೌಣವೇ? ಖಂಡಿತ ಅಲ್ಲ. ಲಿಯೊ ಕ್ಯಾನರ್ 1943ರಲ್ಲಿ ಆಟಿಸಂ ಕುರಿತು ಬರೆದ ಮೊದಲ ಪ್ರಬಂಧದಲ್ಲೇ ಊಟದ ತೊಡಕಿನ ಪ್ರಸ್ತಾಪವಿದೆ. ಮಾತು ಬಾರದ ಮಗು ಮಲಬದ್ಧತೆಯ ನೋವನ್ನು ತಲೆ ಚಚ್ಚಿಕೊಂಡು ಹೇಳಬಹುದು; ಆ ನೋವು ನೀಗಿದರೆ ರಂಪವೂ ತಗ್ಗೀತು. ಸೀಲಿಯಾಕ್ ಕಾಯಿಲೆಯಿದ್ದರಂತೂ ಗೋಧಿಯನ್ನು ಬಿಡಲೇಬೇಕು. ಆದರೆ ಆ ರಕ್ತಪರೀಕ್ಷೆ ಗೋಧಿ ನಿಲ್ಲಿಸುವ ಮೊದಲೇ ಆಗಬೇಕು.

ನನ್ನ ಮಗ ಒಪ್ಪುವ ತಿನಿಸುಗಳು ಏಳೇ ಏಳು. ಹಾಲು, ಮೊಸರನ್ನ, ಚಪಾತಿ, ಬಿಸ್ಕತ್ತು ತೆಗೆದರೆ ಉಳಿಯುವುದು ಮೂರು. ರಾಗಿ ಇದೆಯಲ್ಲ ಎನ್ನುತ್ತಾರೆ. ನಿಜ, ಅದರಲ್ಲಿ ಗ್ಲುಟೆನ್ ಇಲ್ಲ, ಸುಣ್ಣದಂಶ ಹೇರಳ. ಆದರೆ ಕಂದು ಬಣ್ಣ ಕಂಡರೆ ತಟ್ಟೆಯನ್ನೇ ತಳ್ಳುವ ಮಗುವಿಗೆ ಈ ಪೋಷಕಾಂಶದ ಪಟ್ಟಿ ಓದಿ ಹೇಳುವವರಾರು? ಆಟಿಸಂ ಇರುವ ಹುಡುಗರ ಮೂಳೆ ತೆಳುವಾಗಿರುವುದನ್ನೂ, ಹಾಲು ಬಿಟ್ಟವರಲ್ಲಿ ಅದು ಇನ್ನಷ್ಟು ತೆಳುವಾಗಿರುವುದನ್ನೂ ಅಮೆರಿಕದ ಅಧ್ಯಯನವೊಂದು 2008ರಲ್ಲಿ ಗುರುತಿಸಿದೆ.

ಪಥ್ಯ ಮಾಡಿಯೇ ನೋಡುವೆವೆನ್ನುವ ಹೆತ್ತವರನ್ನು ನಾನು ಹಳಿಯಲಾರೆ. ಆಸೆ ಯಾರನ್ನು ಬಿಟ್ಟಿದೆ? ಆದರೆ ಆಹಾರತಜ್ಞರ ಕಣ್ಗಾವಲು, ತೂಕ-ಎತ್ತರದ ಲೆಕ್ಕ, ನಿಲ್ಲಿಸುವ ದಿನದ ನಿಶ್ಚಯ ಇವು ಮೊದಲೇ ಇರಲಿ. ಪಥ್ಯ ಫಲಿಸದಿದ್ದರೆ ತಾಯಿ ಕಟ್ಟುನಿಟ್ಟಾಗಿ ಪಾಲಿಸಲಿಲ್ಲವೆಂಬ ದೂರು ಮಾತ್ರ ಬೇಡ. ನಮ್ಮ ಇಂಗಿನ ಡಬ್ಬಿಯಲ್ಲೂ ಸಾಮಾನ್ಯವಾಗಿ ಗೋಧಿಹಿಟ್ಟು ಬೆರೆತಿರುತ್ತದೆ. ತಟ್ಟೆಯಿಂದ ಒಂದನ್ನು ತೆಗೆಯುವ ಮುನ್ನ, ಅದರ ಜಾಗದಲ್ಲಿ ಮಗು ತಿನ್ನುವ ಇನ್ನೊಂದು ಸಿದ್ಧವಿದೆಯೇ ಎಂಬುದಷ್ಟೇ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ.