ನಾಗತ್ತರನ ಮನೆತನ

ಹುಟ್ಟಿದ ದಿನವನ್ನು ಕಲ್ಲಿನಲ್ಲಿ ಕೊರೆಯಿಸಿದವರು ನಮ್ಮ ನಾಡಿನಲ್ಲಿ ವಿರಳ. ಸತ್ತ ಸಂಗತಿಯನ್ನು ಕೊರೆಯಿಸಿದವರು ಊರೂರಿಗೂ ಉಂಟು. ಬೆಂಗಳೂರಿನ ದಕ್ಷಿಣದಂಚಿನ ಬೇಗೂರಿನಲ್ಲಿ ಸುಮಾರು ಸಾವಿರದ ನೂರು ವರ್ಷಗಳ ಹಿಂದೆ ಬಾಳಿದ ನಾಗತ್ತರನೆಂಬ ಒಡೆಯನ ಮನೆತನವನ್ನು ಅರಿಯಹೊರಟ ನನಗೆ ದೊರೆತ ಆಧಾರಗಳೂ ಇಂಥ ಸಾವಿನ ಕಲ್ಲುಗಳೇ.

ಅವುಗಳಲ್ಲಿ ಹಿರಿದಾದ ವೀರಗಲ್ಲು ಬೇಗೂರನ್ನು ಬಿಟ್ಟು ಬಂದು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದೆ. ಆನೆ, ಕುದುರೆ, ಕಾಲಾಳುಗಳು ಒಂದರ ಮೇಲೊಂದು ನುಗ್ಗಿ ಬೀಳುವ ಆ ಚಿತ್ರದ ಮುಂದೆ ನಿಂತವನು ಅಕ್ಷರಗಳತ್ತ ಕಣ್ಣು ಹಾಯಿಸುವುದು ತಡವಾಗಿಯೇ. ರೈಸ್ ಸಾಹೇಬರು 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಸಂಪುಟದಲ್ಲಿ ಇದರ ಪಾಠವನ್ನು ಅಚ್ಚುಮಾಡಿಸಿದರು. ಕಾಲ ಕ್ರಿ.ಶ. 900ರ ಆಸುಪಾಸು. ಗಂಗವಾಡಿ ತೊಂಬತ್ತಾರು ಸಾಸಿರವನ್ನು ಆಳುತ್ತಿದ್ದ ಎರೆಯಪ್ಪರಸನು, ಬೀರಮಹೇಂದ್ರನೊಡನೆ ಕಾದುತ್ತಿದ್ದ ಅಯ್ಯಪದೇವನ ನೆರವಿಗೆ ನಾಗತ್ತರನನ್ನು ಕಳುಹಿದನು. ತುಂಬೆಪಾಡಿಯಲ್ಲಿ ಕಾಳಗವು ಕೈಮೀರಿದಾಗ ನಾಗತ್ತರನು ಆನೆಗಳಿಗೆ ಎದುರಾಗಿ ಇರಿದು ಮಡಿದನು.

ಇಲ್ಲಿಗೆ ವೀರನ ಕಥೆ ಮುಗಿಯಿತು. ನೆಲದ ಕಥೆ ಮೊದಲಾಯಿತು. ಸುದ್ದಿಯನ್ನು ಕೇಳಿದ ಅರಸನು ಇರುಗನೆಂಬುವನಿಗೆ ‘ನಾಗತ್ತರ’ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಬೆಂಪೂರೆಂದರೆ ಈಗಿನ ಬೇಗೂರು. ಕಲ್ನಾಡೆಂಬುದು ವೀರನ ನೆನಪಿಗಾಗಿ ಬಿಟ್ಟ ಮಾನ್ಯ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1862ರ ಕಾನೂನು ಗಡಿಸೀಮೆಯ ಒಕ್ಕಲಿಗೆ, ಐದು ವರ್ಷ ನೆಲೆಸಿ ಸಾಗುವಳಿ ಮಾಡಿದರೆ 160 ಎಕರೆಗಳನ್ನು ಕೊಟ್ಟಿತು. ಗಂಗರ ಗಡಿಯಲ್ಲಿ ಈ ಭೂಮಿಗೆ ತೆತ್ತ ಬೆಲೆ ಒಂದು ಪ್ರಾಣ.

ಇರುಗನು ಯಾರು? ಮಗನೆಂದು ಊಹಿಸುವುದು ಸಹಜ. ಶಾಸನ ಹಾಗೆಂದು ಹೇಳುವುದಿಲ್ಲ. ಹೆಸರೇ ಪಟ್ಟವಾಗಿ ಕೈಯಿಂದ ಕೈಗೆ ಹೋಗುವಲ್ಲಿ ವಂಶವೃಕ್ಷವನ್ನು ಬರೆಯುವವನ ಲೇಖನಿ ತಡೆದು ನಿಲ್ಲುತ್ತದೆ. ಒಡೆಯ ಸತ್ತರೂ ನಾಗತ್ತರನು ಸಾಯಲಿಲ್ಲ. ಅರಸನಿಗೆ ಬೇಕಾಗಿದ್ದುದೂ ಅದೇ ಆಗಿರಬೇಕು.

ರಕ್ತಸಂಬಂಧದ ವಿಷಯದಲ್ಲಿ ಇಷ್ಟು ಮಿತಭಾಷಿಯಾದ ಕಲ್ಲು ಊರುಗಳನ್ನು ಮಾತ್ರ ಒಂದೊಂದಾಗಿ ಎಣಿಸುತ್ತದೆ. ಇಗ್ಗಲೂರು ಆನೇಕಲ್ಲಿನ ಸೀಮೆಯಲ್ಲಿ ಇಂದಿಗೂ ಅದೇ ಹೆಸರಿನಲ್ಲಿದೆ. ಏಳ್ಕುಂಟೆಯ ಹೆಸರು ಏಳುಕುಂಟೆಯಾಗಿ ಉಳಿದಿದೆ. ತೋವಗೂರು ಎಂಬುದು ತೋಗೂರಾಗಿರಬೇಕೆಂದು ನನ್ನ ಎಣಿಕೆ. ಎರಡು ಸ್ವರಗಳ ನಡುವಣ ವಕಾರವು ಕರಗಿಹೋಗುವುದು ಕನ್ನಡದ ಕಿವಿಗೆ ಹೊಸದೇನಲ್ಲ. ಈ ಎಣಿಕೆ ಸರಿಯಾದರೆ, ಕಿಯೋನಿಕ್ಸ್ ಸಂಸ್ಥೆಯು 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ ಸುಮಾರು 330 ಎಕರೆಗಳಲ್ಲಿ ನೆಲೆಗೊಳಿಸಿದ ಎಲೆಕ್ಟ್ರಾನಿಕ್ ಸಿಟಿಯ ಒಂದು ಭಾಗ ನಾಗತ್ತರನ ಕಲ್ನಾಡಿನ ಮೇಲೆಯೇ ನಿಂತಿದೆ. ಅಲ್ಲಿ ಗಣಕಯಂತ್ರದ ಮುಂದೆ ಕುಳಿತಿರುವ ತರುಣರಿಗೆ ಯಾರಾದರೂ ಇದನ್ನು ಹೇಳಿದ್ದಾರೆಯೋ ಇಲ್ಲವೋ!

ಮನೆಯವರ ಗುರುತು ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಇನ್ನಷ್ಟು ಸಿಕ್ಕುತ್ತದೆ. ಆರ್. ನರಸಿಂಹಾಚಾರ್ಯರು ಇಲ್ಲಿ ಕಂಡುಹಿಡಿದ ಕಿರಿಯ ಶಾಸನವೊಂದರಲ್ಲಿ ‘ಬೆಂಗುಳೂರ ಕಾಳೆಗ’ದ ಮಾತು ಬರುತ್ತದೆ. ಕೆಂಪೇಗೌಡರಿಗಿಂತ ಆರು ಶತಮಾನಗಳಿಗೂ ಹಿಂದಿನ ಈ ಉಲ್ಲೇಖದಿಂದಾಗಿ ಕಲ್ಲಿಗೆ ಕೀರ್ತಿ ಬಂದಿತು. ಸತ್ತವನನ್ನು ಕೇಳಿದವರು ಕಡಿಮೆ. ಅವನು ಬುಟ್ಟಣ. ಕೆಲವರು ಅವನನ್ನು ನಾಗತ್ತರನ ಮಗನೆಂದು ಬರೆದಿದ್ದಾರೆ, ಕೆಲವರು ಸೇವಕನೆಂದು. ಶಿಥಿಲವಾದ ಒಂದೆರಡು ಅಕ್ಷರಗಳನ್ನು ಓದುವ ಬಗೆಯಲ್ಲಿ ಒಬ್ಬನು ಮನೆಯ ಒಳಗಿನವನಾಗುತ್ತಾನೆ, ಇಲ್ಲವೆ ಹೊರಗುಳಿಯುತ್ತಾನೆ. ಮಗನೇ ಆಗಿದ್ದರೆ, ಆ ನೆಲಕ್ಕಾಗಿ ಮನೆಯಿಂದ ಹೋದ ಜೀವಗಳು ಎರಡು.

ಇನ್ನೊಂದು ಕಲ್ಲಿನಲ್ಲಿ ಯುದ್ಧವಿಲ್ಲ. ನಾಗತ್ತರನ ಮಗಳು ತೊಂಡಬ್ಬೆ ಜೈನಮಾರ್ಗವನ್ನು ಹಿಡಿದು ಸನ್ಯಸನದಿಂದ ದೇಹವನ್ನು ಬಿಟ್ಟಳೆಂದು ಅದು ಹೇಳುತ್ತದೆ. ತಮ್ಮನೋ ಅಣ್ಣನೋ ಕತ್ತಿಗೆ ಮೈಯೊಡ್ಡಿದ ಮನೆಯಲ್ಲಿ ಅನ್ನನೀರುಗಳನ್ನು ತೊರೆದು ಮೆಲ್ಲಗೆ ಸಾವನ್ನು ಬರಮಾಡಿಕೊಂಡ ಈ ಹೆಣ್ಣುಮಗಳು ನನ್ನ ಮನಸ್ಸಿನಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತಿದ್ದಾಳೆ. ಮಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಯಾವ ನಾಗತ್ತರನ ಮಗಳು, ತುಂಬೆಪಾಡಿಯಲ್ಲಿ ಬಿದ್ದವನ ಮಗಳೋ ಅಥವಾ ಅವನ ಹೆಸರನ್ನು ಹೊತ್ತು ಹನ್ನೆರಡು ಊರುಗಳನ್ನು ಉಂಡ ಇರುಗನ ಮಗಳೋ?